ಬೇರು ಪುಡಿ, ಎಳನೀರು, ಟಾನಿಕ್: ತಾರಸಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದು

ಕತ್ತರಿಸಿ ನೆಡುವ ಕಡ್ಡಿಗೆ ಬೇರು ಬರಿಸುವ ಪುಡಿ ನಿಜಕ್ಕೂ ಕೆಲಸ ಮಾಡುತ್ತಾ ಅಂತ ಯಾರಾದರೂ ಕೇಳಿದರೆ, ಯಾವ ಗಿಡದ ಕಡ್ಡಿಗೆ ಅಂತ ನಾನು ತಿರುಗಿ ಕೇಳುತ್ತೇನೆ. ದೊಡ್ಡಪತ್ರೆಗೆ ಅಂದರೆ ದುಡ್ಡು ಉಳಿಸಿಕೊಳ್ಳಿ. ಮನಿಪ್ಲಾಂಟಿಗೂ ಅಷ್ಟೇ. ಬೋಗನ್‌ವಿಲ್ಲ, ದಾಸವಾಳ, ಮಲ್ಲಿಗೆ ಅಂದರೆ ಮಾತು ಬೇರೆ.

ಇದನ್ನು ಧೈರ್ಯವಾಗಿ ಹೇಳುತ್ತಿರುವುದು ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ. ಅಂಗಡಿಯ ಬೇರು ಪುಡಿ, ಜೇನುತುಪ್ಪ, ಲೋಳೆಸರ, ದಾಲ್ಚಿನ್ನಿ ಪುಡಿ, ಎಳನೀರು. ಇವುಗಳ ಜೊತೆಗೆ ಪ್ರತಿ ಸಾಲಿನಲ್ಲೂ ಏನೂ ಹಾಕದ ಕಡ್ಡಿಗಳು. ಈ ಕೊನೆಯ ಗುಂಪು ಇಲ್ಲದಿದ್ದರೆ ಇಡೀ ಕೆಲಸಕ್ಕೆ ಬೆಲೆ ಇಲ್ಲ. ಜೇನು ಹಚ್ಚಿದ ಕಡ್ಡಿ ಚಿಗುರಿತು ಅಂತ ಹೇಳುವವರು ಬಹಳ ಜನ ಇದ್ದಾರೆ. ಜೇನು ಹಚ್ಚದಿದ್ದರೂ ಅದು ಚಿಗುರುತ್ತಿತ್ತಾ? ಅದನ್ನು ತಿಳಿಯಲು ಪಕ್ಕದಲ್ಲೇ ಬರಿಗಡ್ಡಿ ಒಂದು ನಿಂತಿರಬೇಕು, ಅಲ್ವಾ?

ಪೆಟ್ಟಿಗೆ

ಮೊದಲು ಮಾಡಿಕೊಂಡದ್ದು ತೇವ ಹಿಡಿದಿಡುವ ಪೆಟ್ಟಿಗೆ. ಬಟ್ಟೆ ಇಡಲು ಮಾರುವ ಪಾರದರ್ಶಕ ಪ್ಲಾಸ್ಟಿಕ್ ಬಾಕ್ಸ್ ಇದೆಯಲ್ಲ, ಅದನ್ನು ತಲೆಕೆಳಗು ಮಾಡಿದರೆ ಆಯಿತು. ಮುಚ್ಚಳ ಕೆಳಗೆ ತಟ್ಟೆಯಾಗುತ್ತದೆ, ಬಾಕ್ಸ್ ಮೇಲೆ ಗುಡಾರವಾಗುತ್ತದೆ. ಮುಚ್ಚಳಕ್ಕೆ ನಾಲ್ಕು ಕಡೆ ತೂತು ಹಾಕಿ ನೀರು ನಿಲ್ಲದ ಹಾಗೆ ಮಾಡಿದೆ. ಶೇಕಡಾ 50ರ ನೆರಳು ಬಲೆಯ ಕೆಳಗೆ, ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವ ಮೂಲೆಯಲ್ಲಿ ಇಟ್ಟೆ. ನೇರ ಬಿಸಿಲಿಗೆ ಇಟ್ಟರೆ ಒಳಗೆ ಕಡ್ಡಿಗಳು ಬೆಂದೇ ಹೋಗುತ್ತವೆ.

ಪೆಟ್ಟಿಗೆ ಯಾಕೆ ಬೇಕು ಅಂದರೆ, ಕಡ್ಡಿಗೆ ಬೇರಿಲ್ಲ, ಎಲೆ ಇದೆ. ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ, ಕೆಳಗಿನಿಂದ ಬರುವುದು ತೀರಾ ಕಡಿಮೆ. ಸುತ್ತಲಿನ ಗಾಳಿ ತೇವವಾಗಿದ್ದರೆ ಈ ಸೋರಿಕೆ ನಿಧಾನವಾಗುತ್ತದೆ. ಬೇರು ಬರುವವರೆಗೆ ಕಡ್ಡಿ ಜೀವ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ನೋಡಿದಾಗ ಒಳಗೋಡೆಯಲ್ಲಿ ಸಣ್ಣ ಹನಿಗಳು ಕಾಣಬೇಕು. ಕಾಣದಿದ್ದರೆ ಸ್ವಲ್ಪ ಸಿಂಪಡಿಸಿ ಮುಚ್ಚುವುದು. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎತ್ತಿ ಗಾಳಿ ಆಡಿಸುವುದು.

ತುಂಬಿಸಲು ಅರ್ಧ ತೊಳೆದ ದಪ್ಪ ಮರಳು, ಅರ್ಧ ಕೊಕೊಪೀಟ್. ಕೊಕೊಪೀಟನ್ನು ತೊಳೆಯಲೇಬೇಕು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ, ಉಪ್ಪುನೀರಿನಲ್ಲಿ ಕೊಳೆಸಿದ್ದಾದರೆ ಇನ್ನೂ ಜಾಸ್ತಿ. ನೆನೆಸಿ, ಹಿಂಡಿ, ಮತ್ತೆ ನೆನೆಸಿ, ಹೊರಗೆ ಬರುವ ನೀರಿನ ಕಂದು ಬಣ್ಣ ತಿಳಿಯಾಗುವವರೆಗೆ ಬಿಡಬಾರದು. ಗೊಬ್ಬರ ಒಂದು ಚಿಟಿಕೆಯೂ ಹಾಕಲಿಲ್ಲ. ಬೇರಿಲ್ಲದ ಕಡ್ಡಿಗೆ ಗೊಬ್ಬರ ಬೇಡ, ಕೊಳೆರೋಗಕ್ಕೆ ಮಾತ್ರ ಅದು ಅನುಕೂಲ.

ಲೋಟಗಳ ವಿಷಯ ಒಂದು ಹೇಳಬೇಕು. ಸಮಾರಂಭಗಳಲ್ಲಿ ಜ್ಯೂಸ್ ಕೊಡುವ ಪಾರದರ್ಶಕ ಲೋಟಕ್ಕೆ ತಳದಲ್ಲಿ ತೂತು ಮಾಡಿ, ಅದನ್ನು ಅದೇ ಅಳತೆಯ ಕಾಗದದ ಲೋಟದೊಳಗೆ ಇಟ್ಟೆ. ಕಾಗದದ ಲೋಟಕ್ಕೂ ತಳದಲ್ಲಿ ತೂತು ಇರಬೇಕು. ಬೇರಿಗೆ ಕತ್ತಲೆ ಸಿಗುತ್ತದೆ, ಬೇಕಾದಾಗ ಒಳಲೋಟವನ್ನು ಮೇಲೆತ್ತಿ ಬೇರು ಬಂತಾ ಅಂತ ನೋಡಬಹುದು. ಕಡ್ಡಿ ಕೀಳಬೇಕಾಗಿಲ್ಲ. ಕಡ್ಡಿ ಸಾಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ನಮ್ಮ ಕುತೂಹಲ. ಎಳೆದು ನೋಡಿದರೆ ಆಗತಾನೇ ಬಂದ ಬೇರು ಮುರಿಯುತ್ತದೆ.

ಕಡ್ಡಿ

ಹಿಂದಿನ ಸಂಜೆ ತಾಯಿ ಗಿಡಗಳಿಗೆ ಚೆನ್ನಾಗಿ ನೀರು ಕೊಟ್ಟು, ಬೆಳಿಗ್ಗೆ ಬಿಸಿಲೇರುವ ಮುಂಚೆ ಕತ್ತರಿಸಿದೆ. ದಾಸವಾಳದಲ್ಲಿ ಪೆನ್ಸಿಲ್ ದಪ್ಪದ, ಹಸಿರು ಹೋಗಿ ಕಂದು ಬರುತ್ತಿರುವ ಕಡ್ಡಿ. ಬಗ್ಗಿಸಿದರೆ ಸ್ವಲ್ಪ ಬಗ್ಗಿ ಆಮೇಲೆ ಪಟ್ ಅಂತ ಮುರಿಯಬೇಕು. ಮಲ್ಲಿಗೆಯಲ್ಲಿ ಎರಡು ಮೂರು ಗೆಣ್ಣು ಇರುವ ಕಡ್ಡಿ. ಬೋಗನ್‌ವಿಲ್ಲದಲ್ಲಿ ಇನ್ನೂ ಸ್ವಲ್ಪ ಬಲಿತದ್ದು. ಜೊತೆಗೆ ಸುಲಭದ ಕಡೆಯಿಂದ ದೊಡ್ಡಪತ್ರೆ, ಕಷ್ಟದ ಕಡೆಯಿಂದ ಕರಿಬೇವು.

ಗೆಣ್ಣಿನ ಕೆಳಗೇ ಕತ್ತರಿ. ಮೇಲೆ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದೆ. ದಾಸವಾಳದ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದೆ. ಪೂರ್ತಿ ಬೋಳು ಮಾಡಬಾರದು, ಅದರ ಕಾರಣ ಮುಂದೆ ಬರುತ್ತದೆ. ಹೂಮೊಗ್ಗು ಇರುವ ಕಡ್ಡಿ ತೆಗೆದುಕೊಳ್ಳಲೇ ಇಲ್ಲ. ಮೊಗ್ಗು ಇದ್ದರೆ ಕಡ್ಡಿಯೊಳಗಿನ ಆಹಾರ ಅತ್ತ ಹೋಗುತ್ತದೆ, ಬೇರು ಹಿಂದೆ ಬೀಳುತ್ತದೆ. ಪ್ರತಿ ಗಿಡಕ್ಕೂ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿದೆ.

ಒಂದೇ ತಾಯಿ ಗಿಡದ ಕಡ್ಡಿಗಳನ್ನೆಲ್ಲ ಒಂದೇ ಬಕೆಟ್ಟಿಗೆ ಹಾಕಿ, ನೋಡದೆ ಎತ್ತಿ ಗುಂಪುಗಳಿಗೆ ಹಂಚಿದೆ. ಕೈ ಸುಮ್ನೆ ಬಿಟ್ಟರೆ ಚೆನ್ನಾಗಿರುವ ಕಡ್ಡಿಗಳು ನಮಗೆ ಇಷ್ಟವಾದ ಔಷಧಿಯ ಕಡೆಗೇ ಹೋಗುತ್ತವೆ. ಯಾವುದಕ್ಕೆ ಏನು ಹಾಕಿದೆ ಅನ್ನುವ ಚೀಟಿಯನ್ನು ಲೋಟದ ತಳಕ್ಕೆ ಅಂಟಿಸಿ, ಮೇಲೆ ಬರೀ ಅಂಕಿ ಬರೆದೆ. ಕೊನೆಗೆ ಬೇರು ನೋಡಿ ಅಂಕ ಕೊಟ್ಟವಳು ನನ್ನ ತಂಗಿ. ಅವಳಿಗೆ ಯಾವುದು ಯಾವುದು ಅಂತ ತಿಳಿದಿರಲಿಲ್ಲ.

ಪುಡಿಯೊಳಗೆ ಏನಿದೆ

ಬೇರು ಪುಡಿಯ ಕಥೆ ಒಂದು ಶತಮಾನದ ಹತ್ತಿರ ಹಳೆಯದು. 1920ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ ಓಟ್ಸ್ ಮೊಳಕೆಗಳ ತುದಿ ಕತ್ತರಿಸಿ, ಅದರಿಂದ ಇಳಿಯುವ ಒಂದು ವಸ್ತು ಬೆಳವಣಿಗೆಯನ್ನು ನಡೆಸುತ್ತದೆ ಅಂತ ತೋರಿಸಿದರು. ಅದೇ ಆಕ್ಸಿನ್ ಅನ್ನುವ ಹಾರ್ಮೋನ್. ಗಿಡ ಅದನ್ನು ಚಿಗುರು ತುದಿಯಲ್ಲಿ, ಎಳೆ ಎಲೆಯಲ್ಲಿ ತಯಾರಿಸಿ ಕೆಳಕ್ಕೆ ಕಳಿಸುತ್ತದೆ. ಕಡ್ಡಿ ಕತ್ತರಿಸಿದಾಗ ಆ ಹರಿವು ಕತ್ತರಿಸಿದ ಜಾಗದಲ್ಲಿ ನಿಂತು ಸೇರಿಕೊಳ್ಳುತ್ತದೆ. ಅಲ್ಲಿನ ಜೀವಕೋಶಗಳು ಬೇರಾಗಿ ಬದಲಾಗಲು ಅದೇ ಸೂಚನೆ. ಎಲೆ, ಚಿಗುರು ಎಲ್ಲ ತೆಗೆದು ಬೋಳು ಮಾಡಬೇಡಿ ಅನ್ನುವುದು ಇದಕ್ಕೇ. ಕಾರ್ಖಾನೆಯನ್ನೇ ಕಿತ್ತುಹಾಕಿದ ಹಾಗಾಗುತ್ತದೆ.

1935ರಲ್ಲಿ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯಲ್ಲಿ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್, ಪ್ರಯೋಗಾಲಯದಲ್ಲಿ ತಯಾರಿಸಿದ, ಆಕ್ಸಿನ್ ಹಾಗೇ ಕೆಲಸ ಮಾಡುವ ಐಬಿಎ ಮತ್ತು ಎನ್‌ಎಎ ಕೂಡ ಬೇರು ಬರಿಸುತ್ತವೆ ಅಂತ ತೋರಿಸಿದರು. ಗಿಡದ ಸ್ವಂತ ಆಕ್ಸಿನ್ ಬೆಳಕಿನಲ್ಲಿ ಬೇಗ ಹಾಳಾಗುತ್ತದೆ, ಐಬಿಎ ಹೆಚ್ಚು ಬಾಳುತ್ತದೆ. ಇವತ್ತಿಗೂ ಬಹುಪಾಲು ಬೇರು ಪುಡಿಗಳೆಂದರೆ ಟಾಲ್ಕ್ ಪುಡಿಯಲ್ಲಿ ಬೆರೆಸಿದ ಐಬಿಎ ಅಥವಾ ಎನ್‌ಎಎ.

ಎಷ್ಟು ಬೆರೆಸಿದ್ದಾರೆ ಅನ್ನುವುದೇ ಮುಖ್ಯ. ಹಳೆಯ ಲೆಕ್ಕ ಹೀಗಿದೆ: ಮೆದು ಕಡ್ಡಿಗೆ ಶೇಕಡಾ 0.1, ಅರೆಬಲಿತದ್ದಕ್ಕೆ 0.3, ಗಟ್ಟಿ ಕಟ್ಟಿಗೆಗೆ 0.8. ಶೇಕಡಾ 0.1 ಅಂದರೆ 1000 ಪಿಪಿಎಂ, ಹತ್ತು ಲಕ್ಷ ಭಾಗಕ್ಕೆ 1000 ಭಾಗ. ಡಬ್ಬಿಯ ಮೇಲೆ ಈ ಅಂಕಿ ಬರೆದಿಲ್ಲದಿದ್ದರೆ ಕೊಳ್ಳಬೇಡಿ. ನಾನು 0.3ರ ಪುಡಿ ತೆಗೆದುಕೊಂಡೆ, ದೊಡ್ಡಪತ್ರೆಗೂ ಅದನ್ನೇ ಹಚ್ಚಿದೆ, ಜಾಸ್ತಿಯಾದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು.

ಹಚ್ಚುವುದಕ್ಕೂ ಕ್ರಮ ಇದೆ. ಸ್ವಲ್ಪ ಪುಡಿಯನ್ನು ಬಾಟಲಿ ಮುಚ್ಚಳಕ್ಕೆ ಸುರಿದುಕೊಳ್ಳಿ. ಒದ್ದೆ ಕಡ್ಡಿಯನ್ನು ನೇರವಾಗಿ ಡಬ್ಬಿಗೆ ಅದ್ದಿದರೆ ಇಡೀ ಡಬ್ಬಿ ಕೆಡುತ್ತದೆ. ಬುಡದ ಒಂದು ಸೆಂಟಿಮೀಟರ್ ಅದ್ದಿ, ತಟ್ಟಿ ಉದುರಿಸಿ, ಮೊದಲೇ ಕೋಲಿನಿಂದ ಮಾಡಿದ ತೂತಿನಲ್ಲಿ ಇಳಿಸಿ. ಸುಮ್ನೆ ಚುಚ್ಚಿದರೆ ಪುಡಿಯೆಲ್ಲ ಮೇಲೆಯೇ ಉಳಿಯುತ್ತದೆ. ಮಿಕ್ಕ ಪುಡಿ ಮತ್ತೆ ಡಬ್ಬಿಗೆ ಹಾಕದೆ ಎಸೆಯಿರಿ, ಡಬ್ಬಿಯನ್ನು ಫ್ರಿಜ್‌ನಲ್ಲಿಡಿ. ಐಬಿಎ ಹರಳನ್ನೇ ತಂದು ದ್ರಾವಣ ಮಾಡುವವರು ಮೊದಲು ಅದನ್ನು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಬೇಕು, ಬರೀ ನೀರಿನಲ್ಲಿ ಅದು ಕರಗುವುದೇ ಇಲ್ಲ ಅನ್ನಬಹುದು.

ಲೋಟ ಎತ್ತಿ ನೋಡಿದಾಗ

ದೊಡ್ಡಪತ್ರೆ ಎರಡನೇ ವಾರದೊಳಗೆ ಬೇರು ಬಿಟ್ಟಿತು. ಎಲ್ಲ ಗುಂಪಿನಲ್ಲೂ, ಏನೂ ಹಾಕದ ಗುಂಪಿನಲ್ಲೂ. ವ್ಯತ್ಯಾಸ ಕಂಡದ್ದು ಬೇರು ಪುಡಿಯ ಗುಂಪಿನಲ್ಲಿ ಮಾತ್ರ, ಅದೂ ಉಲ್ಟಾ. ಕೆಲವು ಕಡ್ಡಿಗಳ ಬುಡ ಊದಿಕೊಂಡು ಕಪ್ಪಾಗಿತ್ತು. ಬೇರು ಅದಕ್ಕಿಂತ ಮೇಲಿನ ಗೆಣ್ಣಿನಿಂದ ಬಂದಿತ್ತು. ಮೆದು ಕಡ್ಡಿಗೆ ಅರೆಬಲಿತ ಕಡ್ಡಿಯ ಪ್ರಮಾಣ ಹಾಕಿದರೆ ಆಗುವುದು ಇದೇ. ಹೆಚ್ಚಾದ ಆಕ್ಸಿನ್ ಅಂಗಾಂಶವನ್ನೇ ಸುಡುತ್ತದೆ, ಮೇಲಿನ ಚಿಗುರನ್ನೂ ತಡೆಯುತ್ತದೆ.

ದಾಸವಾಳದಲ್ಲಿ ಚಿತ್ರ ಬದಲಾಯಿತು. ಬರಿಗಡ್ಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬದುಕಿದವು, ಅಂದರೆ ಪುಡಿ ಇಲ್ಲದೆ ಆಗುವುದೇ ಇಲ್ಲ ಅನ್ನುವುದು ಸುಳ್ಳು. ಆದರೆ ಬೇರು ನೋಡಿ. ಬರಿಗಡ್ಡಿಯ ಬುಡದಲ್ಲಿ ಮೊದಲು ಜೋಳದ ಕಾಳಿನಷ್ಟು ಬಿಳಿ ಗಂಟು ಕಟ್ಟಿತ್ತು, ಅದರ ಒಂದು ಪಕ್ಕದಿಂದ ಎರಡೋ ಮೂರೋ ಬೇರು ಹೊರಟಿದ್ದವು. ಪುಡಿ ಹಚ್ಚಿದ ಕಡ್ಡಿಯಲ್ಲಿ ಬುಡದ ಸುತ್ತಲೂ ತೊಗಟೆ ಸೀಳಿಕೊಂಡು ಒತ್ತೊತ್ತಾಗಿ ಬಿಳಿ ಬೇರುಗಳು ಬಂದಿದ್ದವು. ಕೆಲವು ಆಗಲೇ ಲೋಟದ ಗೋಡೆ ಮುಟ್ಟಿ ಕೆಳಕ್ಕೆ ತಿರುಗಿದ್ದವು. ಬರಿಗಡ್ಡಿಗಿಂತ ಒಂದು ವಾರಕ್ಕೂ ಮುಂಚೆ ಬಂದವು, ಎಲ್ಲ ಕಡೆಯಿಂದ ಬಂದವು. ಒಂದೇ ಪಕ್ಕ ಬೇರು ಇರುವ ಗಿಡ ಮುಂದೆ ಗಾಳಿಗೆ ವಾಲುತ್ತದೆ, ಅದಕ್ಕೇ ಸುತ್ತ ಬಂದ ಬೇರಿಗೆ ನನ್ನ ಲೆಕ್ಕದಲ್ಲಿ ಬೆಲೆ ಜಾಸ್ತಿ. ಮಲ್ಲಿಗೆಯಲ್ಲೂ ಹೆಚ್ಚುಕಡಿಮೆ ಇದೇ.

ಬೋಗನ್‌ವಿಲ್ಲದಲ್ಲಿ ಪುಡಿಯ ಬೆಲೆ ಎದ್ದು ಕಂಡಿತು. ಬರಿಗಡ್ಡಿಗಳಲ್ಲಿ ಬಹುಪಾಲು ಚಿಗುರು ತೋರಿಸಿ ಒಣಗಿದವು. ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದ ಚಿಗುರು ಬರುತ್ತದೆ, ಬೇರು ಬಂದಿರುವುದಿಲ್ಲ, ಆಹಾರ ಮುಗಿದ ದಿನ ಕಡ್ಡಿಯೂ ಮುಗಿಯುತ್ತದೆ. ಚಿಗುರು ಕಂಡ ಕೂಡಲೇ ಗೆದ್ದೆವು ಅಂತ ಸಂತೋಷ ಪಡಬೇಡಿ, ಬೇರು ಕಾಣಲಿ. ಪುಡಿ ಹಚ್ಚಿದ ಬೋಗನ್‌ವಿಲ್ಲದಲ್ಲಿ ಅರ್ಧದಷ್ಟು ನಿಂತವು.

ಕರಿಬೇವಿನಲ್ಲಿ ಯಾವುದೂ ನಡೆಯಲಿಲ್ಲ. ಎಲ್ಲ ಗುಂಪೂ ಒಣಗಿತು. ಬಲಿತ ಮರದ ಕಡ್ಡಿಯಲ್ಲಿ ಬೇರಾಗಿ ಬದಲಾಗುವ ಶಕ್ತಿಯೇ ಕುಗ್ಗಿರುವಾಗ ಹೊರಗಿನಿಂದ ಹಾರ್ಮೋನ್ ಕೊಟ್ಟು ಅದನ್ನು ತುಂಬಿಸಲಾಗುವುದಿಲ್ಲ. ಕರಿಬೇವಿಗೆ ತಾಯಿ ಗಿಡದ ಬೇರಿನಿಂದ ಎದ್ದ ಮರಿ ತೆಗೆದು ನೆಡಿ, ಇಲ್ಲವೇ ಕಪ್ಪಾದ ಹಣ್ಣು ತಂದು ತಿರುಳು ತೊಳೆದು ಆಗಲೇ ಬಿತ್ತಿ. ಬೀಜ ಒಣಗಿಸಿಟ್ಟರೆ ಬೇಗ ಸತ್ತುಹೋಗುತ್ತದೆ.

ಅಡುಗೆಮನೆ ಮದ್ದು

ಇವುಗಳ ಬಗ್ಗೆ ಜನರಿಗೆ ಪ್ರೀತಿ ಇದೆ, ಅದಕ್ಕೇ ಸರಿಯಾಗಿ ಹೇಳಬೇಕು. ಜೇನು ಹಚ್ಚಿದ ಕಡ್ಡಿಗಳು ಯಾವ ಗಿಡದಲ್ಲೂ ಬರಿಗಡ್ಡಿಗಿಂತ ಮುಂದೆ ಹೋಗಲಿಲ್ಲ. ಜೇನು ಗಟ್ಟಿಯಾಗಿದ್ದಾಗ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ನಿಜ. ಒದ್ದೆ ಮರಳಿನಲ್ಲಿ ಅದು ನೀರಾಗಿ ಬರೀ ಸಕ್ಕರೆ ಆಗುತ್ತದೆ. ನಮ್ಮಲ್ಲಿ ಮೊದಲು ಬಂದದ್ದು ಇರುವೆ, ಆಮೇಲೆ ಬೂಷ್ಟು. ದಾಲ್ಚಿನ್ನಿಗೆ ಶಿಲೀಂಧ್ರ ತಡೆಯುವ ಗುಣ ಇದೆ, ಬೇರು ಬರಿಸುವ ಗುಣ ಇಲ್ಲ. ಕೊಳೆಯುವುದು ಸ್ವಲ್ಪ ಕಡಿಮೆ ಕಂಡಿತು, ಬೇರಿನ ಸಂಖ್ಯೆ ಹಾಗೇ ಇತ್ತು. ಲೋಳೆಸರದ್ದೂ ಬರಿಗಡ್ಡಿಯ ಮಟ್ಟವೇ.

ಎಳನೀರಿನ ವಿಷಯ ನಿಜಕ್ಕೂ ಸೊಗಸಾಗಿದೆ. 1941ರಲ್ಲಿ ವಾನ್ ಓವರ್‌ಬೀಕ್ ಮತ್ತು ಅವರ ಜೊತೆಗಾರರು ದತ್ತೂರದ ಎಳೆ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ತೆಂಗಿನಕಾಯಿ ನೀರು ಬಳಸಿ ಗೆದ್ದರು. ಅಂಗಾಂಶ ಕೃಷಿಯಲ್ಲಿ ಅದು ಇವತ್ತಿಗೂ ಬಳಕೆಯಲ್ಲಿದೆ. ಎಳನೀರಿನಲ್ಲಿ ಬೆಳವಣಿಗೆಯ ಹಾರ್ಮೋನ್ ಇದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದರಲ್ಲಿ ಹೆಸರಾದದ್ದು ಸೈಟೊಕೈನಿನ್ ಅನ್ನುವ ಇನ್ನೊಂದು ಹಾರ್ಮೋನ್. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಹೊಗೆಸೊಪ್ಪಿನ ಅಂಗಾಂಶದಲ್ಲಿ ತೋರಿಸಿದ್ದು ಇದನ್ನೇ: ಆಕ್ಸಿನ್ ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರು. ಬೇರು ಬೇಕಾದ ಕಡ್ಡಿಗೆ ಚಿಗುರಿನ ಸೂಚನೆ ಕೊಟ್ಟರೆ ಹೇಗೆ? ಜೊತೆಗೆ ಸಕ್ಕರೆ ಇರುವುದರಿಂದ ನೆನೆಸಿದ ನೀರು ಮಾರನೇ ದಿನವೇ ಹುಳಿ ವಾಸನೆ ಬಂತು. ಎಳನೀರು ನಮಗಿರಲಿ.

ಕುಂಡದ ಗಿಡಗಳಿಗೆ ಟಾನಿಕ್

ಕಡ್ಡಿಯ ಮಾತು ಬೇರೆ, ಬೇರಿರುವ ಗಿಡದ ಮಾತು ಬೇರೆ. ಗ್ರೋ ಬ್ಯಾಗ್‌ನ ಮೆಣಸಿನ ಗಿಡಗಳಲ್ಲಿ ಎರಡು ಸಾಲು ಮಾಡಿದೆ. ಒಂದಕ್ಕೆ ಎರೆಗೊಬ್ಬರ, ಕಡಲೆಕಾಯಿ ಹಿಂಡಿ ಸರಿಯಾಗಿ ಹಾಕಿದ ಮಣ್ಣು. ಇನ್ನೊಂದು ಹಳೆಯ, ಸೊರಗಿದ ಮಣ್ಣು. ಎರಡೂ ಸಾಲಿನ ಅರ್ಧ ಗಿಡಗಳಿಗೆ ಮಾತ್ರ ಕಡಲಪಾಚಿ ದ್ರಾವಣ ಸಿಂಪಡಿಸಿದೆ, ಉಳಿದರ್ಧಕ್ಕೆ ಅದೇ ಹೊತ್ತಿಗೆ ಬರೀ ನೀರು.

ಒಳ್ಳೆಯ ಮಣ್ಣಿನ ಸಾಲಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಸೊರಗಿದ ಸಾಲಿನಲ್ಲಿ ದ್ರಾವಣ ಬಿದ್ದ ಗಿಡಗಳು ಸ್ವಲ್ಪ ಚೇತರಿಸಿಕೊಂಡವು, ಆಮೇಲೆ ಅಲ್ಲೇ ನಿಂತವು. ಅದೇ ಸಾಲಿಗೆ ಕೊನೆಗೆ ಹಿಂಡಿ ಹಾಕಿದಾಗ ಎಲ್ಲವೂ ಎದ್ದವು. ಕಡಲಪಾಚಿಯಲ್ಲಿ ಸಾರಜನಕ, ರಂಜಕ ತೀರಾ ಕಡಿಮೆ. ಬಿಸಿಲು, ಬರ, ಉಪ್ಪುನೀರಿನ ಹೊಡೆತ ತಡೆದುಕೊಳ್ಳಲು ಅದು ನೆರವಾಗುತ್ತದೆ ಅಂತ ಸಂಶೋಧನೆಗಳಿವೆ. ತಮಿಳುನಾಡಿನ ರಾಮನಾಥಪುರ ಕರಾವಳಿಯಲ್ಲಿ ಕಪ್ಪಾಫೈಕಸ್ ಪಾಚಿ ಬೆಳೆದು ರಸ ತೆಗೆಯುವ ಉದ್ಯಮವೇ ಇದೆ, ಅದರ ವಿಧಾನ ಭಾವನಗರದ ಕೇಂದ್ರ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆಯದ್ದು. ಒಳ್ಳೆಯ ವಸ್ತು. ಆದರೆ ಹಸಿದ ಗಿಡಕ್ಕೆ ಅದು ಊಟವಾಗುವುದಿಲ್ಲ.

ಕೊರತೆ ಇರುವ ಕಡೆ ಸರಿಯಾದ ವಸ್ತು ಸಿಕ್ಕರೆ ಮಾತ್ರ ಫಲಿತಾಂಶ ನೋಡಿ ಬೆರಗಾಗುತ್ತೀರಿ. ನಮ್ಮ ಕುಂಡದ ಮಲ್ಲಿಗೆಯ ಹೊಸ ಎಲೆಗಳು ಹಳದಿಯಾಗುತ್ತಿದ್ದವು, ನರಗಳು ಮಾತ್ರ ಹಸಿರು. ಹಳೆಯ ಎಲೆಗಳು ಚೆನ್ನಾಗಿದ್ದವು. ಇದು ಕಬ್ಬಿಣದ ಕೊರತೆಯ ಗುರುತು. ಬೋರ್‌ವೆಲ್‌ನ ಗಡಸು ನೀರು ಹಾಕುತ್ತಾ ಹೋದರೆ ಮಣ್ಣಿನ ಪಿಎಚ್ ಏರಿ ಅದು ಕ್ಷಾರವಾಗುತ್ತದೆ, ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಆಗಲೇ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಇಟ್ಟರೆ ಕಂದಾಗಿ ಕೆಡುತ್ತದೆ, ನೆಲಕ್ಕೆ ಬಿದ್ದರೆ ಕಲೆ ಹೋಗುವುದಿಲ್ಲ, ಟೈಲ್ಸ್ ಜೋಪಾನ. ಒಂದು ಎಲೆಯ ಅರ್ಧಕ್ಕೆ ಕಾಗದ ಮುಚ್ಚಿ ಸಿಂಪಡಿಸಿದ್ದೆ. ದ್ರಾವಣ ಬಿದ್ದ ಅರ್ಧ ಹಸಿರಾಯಿತು, ಮುಚ್ಚಿದ ಅರ್ಧ ಹಳದಿಯಾಗೇ ಉಳಿಯಿತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ?

ಹಾಗೇ ಎಪ್ಸಮ್ ಸಾಲ್ಟ್. ಅದು ಮೆಗ್ನೀಸಿಯಂ ಸಲ್ಫೇಟ್. ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಬಂದರೆ ಉಪಯೋಗ. ಇಲ್ಲದಿದ್ದರೆ ಹೆಚ್ಚಾದ ಮೆಗ್ನೀಸಿಯಂ ಕ್ಯಾಲ್ಸಿಯಂ ಹೀರುವುದಕ್ಕೆ ಅಡ್ಡ ಬರುತ್ತದೆ. ಎಲ್ಲ ಗುಲಾಬಿಗೂ ತಿಂಗಳಿಗೊಂದು ಚಮಚ ಅನ್ನುವ ಸಲಹೆಗೆ ಆಧಾರ ಇಲ್ಲ.

ಕಿತ್ತು ನೆಡುವಾಗ ಗಿಡ ಬಾಡದಿರಲಿ ಅಂತ ಮಾರುವ ವಿಟಮಿನ್ ಬಿ1 ದ್ರಾವಣಗಳಿವೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಬಾನರ್, ಗಿಡದಿಂದ ಬೇರ್ಪಡಿಸಿ ಗಾಜಿನಲ್ಲಿ ಬೆಳೆಸಿದ ಬಟಾಣಿ ಬೇರುಗಳಿಗೆ ಬಿ1 ಬೇಕು ಅಂತ ಕಂಡುಕೊಂಡರು. ಪೂರ್ತಿ ಗಿಡ ಅದನ್ನು ತಾನೇ ಎಲೆಯಲ್ಲಿ ತಯಾರಿಸುತ್ತದೆ. ಮುಂದೆ ಅವರದೇ ಪರೀಕ್ಷೆಗಳಲ್ಲಿ ಪೂರ್ತಿ ಗಿಡಗಳಿಗೆ ಲಾಭ ಕಾಣಲಿಲ್ಲ. ಬಾಟಲಿ ಮಾತ್ರ ಅಂಗಡಿಯಲ್ಲಿ ಉಳಿದುಕೊಂಡಿತು.

ಜಿಬ್ಬರೆಲಿನ್ (ಜಿಎ) ಅನ್ನುವ ಇನ್ನೊಂದು ಹಾರ್ಮೋನ್ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ವಿಜಯಪುರದ ಕಡೆ ದ್ರಾಕ್ಷಿ ಬೆಳೆಗಾರರು ಕಾಯಿ ದಪ್ಪವಾಗಲು ಗೊಂಚಲನ್ನು ಅದ್ದುವುದು ಇದರಲ್ಲೇ. ಅಲ್ಲಿ ಅದಕ್ಕೆ ನಿಜವಾದ ಕೆಲಸ ಇದೆ. ಆದರೆ ಅದು ಬೇರು ಬರುವುದನ್ನು ತಡೆಯುತ್ತದೆ. ಬೆಳವಣಿಗೆಯ ಟಾನಿಕ್ ಅಂತ ಬರೆದ ಬಾಟಲಿಯಲ್ಲಿ ಜಿಎ ಇದ್ದರೆ ಕಡ್ಡಿಗಳ ಹತ್ತಿರ ತರಬೇಡಿ.

2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಗಿಡದ ಬೆಳವಣಿಗೆಗೆ ಉತ್ತೇಜನ ಕೊಡುವ ಬಯೋಸ್ಟಿಮ್ಯುಲೆಂಟ್‌ಗಳನ್ನೂ ಅದರೊಳಗೆ ಸೇರಿಸಿತು. ಕಡಲಪಾಚಿ ಸಾರ, ಹ್ಯೂಮಿಕ್ ಆಮ್ಲ, ಪ್ರೋಟೀನ್ ಹೈಡ್ರೊಲೈಸೇಟ್ ಎಲ್ಲ ಅದರಲ್ಲಿ ಬರುತ್ತವೆ. ಹಾಗಾಗಿ ಲೇಬಲ್ ತಿರುಗಿಸಿ ಓದಿ. ಏನು ಎಷ್ಟಿದೆ ಅಂತ ಬರೆಯದೆ ಬರೀ ಹೂ ತುಂಬಿದ ಗಿಡದ ಚಿತ್ರ ಹಾಕಿದ್ದರೆ ವಾಪಸ್ ಕಪಾಟಿನಲ್ಲಿಡಿ. ಮನೆಯಲ್ಲಿ ಹಸುವಿನ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟಿನಿಂದ ಜೀವಾಮೃತ ಮಾಡುವವರು ಅದನ್ನು ಮಣ್ಣಿನ ಜೀವಿಗಳಿಗೆ ಅಂತ ಹಾಕಲಿ, ಸಂತೋಷ. ಬೇರಿಲ್ಲದ ಕಡ್ಡಿಗೆ ಮಾತ್ರ ಬೇಡ, ಕೊಳೆಯುತ್ತದೆ.

ಈಗ ಎಲ್ಲಿದೆ

ಬೇರು ಲೋಟದ ಗೋಡೆ ತುಂಬಿದ ದಾಸವಾಳ, ಮಲ್ಲಿಗೆಗಳನ್ನು ಪೆಟ್ಟಿಗೆಯಿಂದ ಹೊರಗೆ ತರುತ್ತಿದ್ದೇನೆ. ಒಮ್ಮೆಲೇ ತರುವಂತಿಲ್ಲ. ಪೆಟ್ಟಿಗೆಯ ಒಂದು ಅಂಚಿಗೆ ಮೊದಲು ತೆಳು ಕೋಲು ಕೊಟ್ಟು ಸಂದು ಮಾಡುವುದು, ಆಮೇಲೆ ಇಟ್ಟಿಗೆ, ಆಮೇಲೆ ಸಂಜೆ ಹೊತ್ತು ಪೂರ್ತಿ ತೆಗೆಯುವುದು. ಎಲೆ ಬಾಡಿದರೆ ಮತ್ತೆ ಮುಚ್ಚುವುದು. ಚೀಲಕ್ಕೆ ಬದಲಾಯಿಸಿ ಹೊಸ ಎಲೆ ಎರಡು ಬಂದ ಮೇಲೆ ಮೊದಲ ಗೊಬ್ಬರ, ಅದೂ ತೆಳ್ಳಗೆ.

ಮುಂದಿನ ಮಳೆಗಾಲಕ್ಕೆ ದಾಳಿಂಬೆಗೆ ಗೂಟಿ ಕಟ್ಟಬೇಕು. ಕೊಂಬೆಯ ತೊಗಟೆ ಉಂಗುರದ ಹಾಗೆ ತೆಗೆದು, ಪಾಚಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟುವುದು. ಅರ್ಧ ಕೊಂಬೆಗಳಿಗೆ ಐಬಿಎ ಪುಡಿ, ಇನ್ನರ್ಧಕ್ಕೆ ಬರೀ ಒದ್ದೆ ಪಾಚಿ. ಯಾವುದಕ್ಕೆ ಏನು ಅನ್ನುವ ಚೀಟಿಯನ್ನು ಈ ಸಲ ಪ್ಲಾಸ್ಟಿಕ್ಕಿನ ಒಳಗೇ ಮಡಚಿ ಇಡುತ್ತೇನೆ. ಬಿಚ್ಚಿ ಬೇರು ಎಣಿಸುವುದು ತಂಗಿಯ ಕೆಲಸ.